ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ: ಲೀಕೇಜ್ ಎಲ್ಲಿದೆ ಎಂದು ಹುಡುಕುವ ಬಗೆ

ದೀಪ, ಫ್ಯಾನು, ಫ್ರಿಜ್ಜು ಎಲ್ಲ ಒಮ್ಮೆಗೇ ನಿಂತುಬಿಡುತ್ತವೆ. ಬೋರ್ಡಿನ ಹತ್ತಿರ ಹೋಗಿ ನೋಡಿದರೆ ದೊಡ್ಡ ಸ್ವಿಚ್ಚು, ಅಂದರೆ ಕರೆಂಟು ಸೋರಿದರೆ ತಾನಾಗಿ ಲೈನ್ ಕತ್ತರಿಸುವ ಆರ್‌ಸಿಸಿಬಿ, ಕೆಳಗೆ ಬಿದ್ದಿದೆ. ಎತ್ತಿದರೆ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬೀಳುತ್ತದೆ. ಕೆಲವೊಮ್ಮೆ ಎತ್ತಿದ ಕ್ಷಣವೇ ಟಕ್ಕೆಂದು ಬೀಳುತ್ತದೆ. ಇಂಥ ಹೊತ್ತಿನಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: "ಆ ಆರ್‌ಸಿಸಿಬಿ ಸರಿ ಇಲ್ಲ, ತೆಗೆದು ಡೈರೆಕ್ಟ್ ಮಾಡಿಬಿಡಿ."

ದಯವಿಟ್ಟು ಆ ಮಾತು ಕೇಳಬೇಡಿ. ಡೈರೆಕ್ಟ್ ಮಾಡಿದರೆ ದೋಷ ಹೋಗುವುದಿಲ್ಲ, ಅದನ್ನು ಹೇಳುತ್ತಿದ್ದ ಸಾಧನ ಮಾತ್ರ ಹೋಗುತ್ತದೆ. ಆರ್‌ಸಿಸಿಬಿ ಬಿದ್ದಿದೆ ಎಂದರೆ ಕರೆಂಟು ಹೋಗಬಾರದ ದಾರಿಯಲ್ಲಿ ಹೋಗುತ್ತಿದೆ ಎಂದೇ ಮೊದಲು ನಂಬಬೇಕು. ಆ ದಾರಿಯನ್ನು ಹುಡುಕುವುದು ಅದೃಷ್ಟದ ಆಟವಲ್ಲ. ಕ್ರಮವಾಗಿ ಭಾಗ ಮಾಡುತ್ತಾ ಹೋದರೆ ಅದು ಸಿಕ್ಕೇ ಸಿಗುತ್ತದೆ. ಸಿಗದೆ ಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಎಲ್ಲರೂ ಕರೆಂಟು ತರುವ ಫೇಸ್ ವೈರಿನ ಹಿಂದೆ ಹೋಗುತ್ತಾರೆ, ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್ ಕಡೆ ಯಾರೂ ನೋಡುವುದಿಲ್ಲ.

ಇಲ್ಲಿ ಕೊಟ್ಟಿರುವ ಲೆಕ್ಕಗಳು 230 ವೋಲ್ಟ್ ಸರಬರಾಜಿಗೆ. ಬೇರೆ ವೋಲ್ಟೇಜ್ ಇರುವ ಕಡೆ ಅಂಕಿ ಬದಲಾಗುತ್ತದೆ, ದಾರಿ ಅದೇ.

ಮೊದಲು, ಬಿದ್ದಿರುವುದು ಯಾವುದು?

ಡಿಬಿ ಬಾಕ್ಸಿನಲ್ಲಿ (ಮನೆಯ ಸರ್ಕ್ಯೂಟುಗಳಿಗೆ ಕರೆಂಟು ಹಂಚುವ ಪೆಟ್ಟಿಗೆ) ಸಾಲಾಗಿ ಇರುವ ಸಣ್ಣ ಸ್ವಿಚ್ಚುಗಳು ಎಂಸಿಬಿಗಳು. ಒಂದೊಂದು ಸರ್ಕ್ಯೂಟಿಗೆ ಒಂದೊಂದು. 'ಟಿ' ಎಂದು ಬರೆದ ಪುಟ್ಟ ಬಟನ್ ಇರುವ ಅಗಲದ ಸ್ವಿಚ್ಚು ಆರ್‌ಸಿಸಿಬಿ. ಅದರ ಮೇಲೆ 30 ಮಿಲಿ ಆಂಪಿಯರ್ ಅಥವಾ 0.03 ಆಂಪಿಯರ್ ಎಂದು ಬರೆದಿರುತ್ತದೆ. ಎರಡೂ 'ಟ್ರಿಪ್' ಆಗುತ್ತವೆ, ಆದರೆ ಹೇಳುವ ಕಥೆ ಬೇರೆ ಬೇರೆ.

ಎಂಸಿಬಿ ನೋಡುವುದು ಕರೆಂಟು ಜಾಸ್ತಿ ಆಯಿತೇ ಎಂದು ಮಾತ್ರ. 16 ಆಂಪಿಯರ್ ಎಂಸಿಬಿ ಮೇಲೆ 2000 ವ್ಯಾಟಿನ ಗೀಸರ್, 1500 ವ್ಯಾಟಿನ ಕೆಟಲ್, 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ಹಾಕಿದರೆ ಸುಮಾರು 19.6 ಆಂಪಿಯರ್ ಆಗುತ್ತದೆ. ಆಗ ಅದು ತಕ್ಷಣ ಬೀಳುವುದಿಲ್ಲ. ಒಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಾಗಬೇಕು. ಮಾನದಂಡದ ಪ್ರಕಾರ, ಹೇಳಿದ ಅಳತೆಯ 1.45 ಪಟ್ಟು ಕರೆಂಟು ಹರಿದರೂ ಒಂದು ಗಂಟೆಯೊಳಗೆ ಬಿದ್ದರೆ ಸಾಕು. ಶಾರ್ಟ್ ಆದರೆ ವಿಷಯ ಬೇರೆ. 'ಸಿ' ಬಗೆಯ ಎಂಸಿಬಿ 5ರಿಂದ 10 ಪಟ್ಟು ಕರೆಂಟಿಗೆ ಕ್ಷಣದಲ್ಲೇ ಬೀಳುತ್ತದೆ. ಹಾಗಾಗಿ ಎಂಸಿಬಿ ನಿಧಾನಕ್ಕೆ ಬಿದ್ದರೆ ಓವರ್‌ಲೋಡ್, ಎತ್ತಿದ ಕೂಡಲೇ ಬಿದ್ದರೆ ಶಾರ್ಟ್ ಎಂದು ಹಿಡಿದುಕೊಂಡು ಹೊರಡಬಹುದು.

ಎರಡೂ ಒಟ್ಟಿಗೆ ಬಿದ್ದಿದ್ದರೆ ಫೇಸ್ ವೈರು ನೇರವಾಗಿ ಅರ್ಥಿಗೆ (ನೆಲಕ್ಕೆ ಸೇರಿಸಿದ ರಕ್ಷಣೆಯ ವೈರು) ತಾಗಿರುವ ಸಾಧ್ಯತೆ ದೊಡ್ಡದು. ಕೆಲವು ಬೋರ್ಡುಗಳಲ್ಲಿ ಎರಡೂ ಕೆಲಸ ಮಾಡುವ ಆರ್‌ಸಿಬಿಒ ಇರುತ್ತದೆ. ಅಲ್ಲಿ ಯಾವ ಕಾರಣಕ್ಕೆ ಬಿತ್ತು ಎಂದು ಸ್ವಿಚ್ಚು ನೋಡಿ ಹೇಳಲು ಆಗದು, ನಡವಳಿಕೆ ನೋಡಿಯೇ ಹೇಳಬೇಕು. ಈ ಬರಹ ಆರ್‌ಸಿಸಿಬಿ ಒಂದೇ ಬೀಳುವ ಪ್ರಸಂಗದ ಬಗ್ಗೆ.

ಅದು ಅಳೆಯುವುದು ಏನನ್ನು?

ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಇದು ಸರ್ಕ್ಯೂಟಿನ ಮೂಲ ನಿಯಮ. ಆರ್‌ಸಿಸಿಬಿಯ ಒಳಗೆ ಫೇಸ್, ನ್ಯೂಟ್ರಲ್ ಎರಡೂ ಒಂದೇ ಕಬ್ಬಿಣದ ಉಂಗುರದ ಮೂಲಕ ಹಾದುಹೋಗುತ್ತವೆ. ಬಾಗಿಲಲ್ಲಿ ಕೂತು ಹೊರಗೆ ಹೋದವರನ್ನೂ ಒಳಗೆ ಬಂದವರನ್ನೂ ಎಣಿಸುವವನ ಹಾಗೆ ಅದು ಎರಡನ್ನೂ ಹೋಲಿಸುತ್ತಲೇ ಇರುತ್ತದೆ. ಲೆಕ್ಕ ಸರಿಹೋದರೆ ಸುಮ್ಮನಿರುತ್ತದೆ. 10 ಆಂಪಿಯರ್ ಹೋಗಿ 9.97 ವಾಪಸ್ ಬಂದರೆ 30 ಮಿಲಿ ಆಂಪಿಯರ್ ಎಲ್ಲೋ ಸೋರಿತು ಎಂದರ್ಥ. ಆಗ ಬೀಳುತ್ತದೆ.

30 ಮಿಲಿ ಎಂದು ಬರೆದಿದ್ದರೂ ಅದು 15ರಿಂದ 30ರ ನಡುವೆ ಎಲ್ಲಾದರೂ ಬೀಳಬಹುದು. ಪೂರ್ತಿ 30 ಮಿಲಿ ಸೋರಿದರೆ 300 ಮಿಲಿಸೆಕೆಂಡಿನೊಳಗೆ, 150 ಮಿಲಿ ಸೋರಿದರೆ 40 ಮಿಲಿಸೆಕೆಂಡಿನೊಳಗೆ ಬೀಳಲೇಬೇಕು.

ಇಷ್ಟು ಸಣ್ಣ ಅಂಕಿ ಯಾಕೆ? ದೇಹದ ಮೂಲಕ ಅರ್ಧ ಮಿಲಿ ಆಂಪಿಯರ್ ಹರಿದರೆ ಜುಮ್ಮೆನ್ನುತ್ತದೆ. ಸುಮಾರು 10 ಮಿಲಿ ದಾಟಿದರೆ ಕೈಯ ಸ್ನಾಯು ಬಿಗಿದು, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. 30 ಮಿಲಿಗಿಂತ ಮೇಲಕ್ಕೆ ಹೋಗಿ ಹಾಗೇ ಮುಂದುವರಿದರೆ ಉಸಿರು, ಹೃದಯ ಎರಡಕ್ಕೂ ಕುತ್ತು. ಒಂದು ಕೈಯಿಂದ ಕಾಲಿನವರೆಗೆ ದೇಹದ ತಡೆ 1000 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟಿಗೆ 230 ಮಿಲಿ ಆಂಪಿಯರ್ ಹರಿಯುತ್ತದೆ. ಒದ್ದೆ ಮೈಯಾದರೆ ಇನ್ನೂ ಜಾಸ್ತಿ. 16 ಆಂಪಿಯರ್ ಎಂಸಿಬಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಮನುಷ್ಯ ಅದರ ಕಣ್ಣಿಗೆ ಒಂದು ಸಣ್ಣ ಬಲ್ಬಿನಷ್ಟು ಲೋಡು, ಅಷ್ಟೇ.

ಒಂದು ತಪ್ಪು ತಿಳಿವಳಿಕೆ ತುಂಬಾ ಹರಡಿದೆ. ಆರ್‌ಸಿಸಿಬಿ ಇದ್ದರೆ ಶಾಕ್ ಹೊಡೆಯುವುದೇ ಇಲ್ಲ ಎಂದು. ಹೊಡೆಯುತ್ತದೆ. ಅದು ಕರೆಂಟನ್ನು ಕಡಿಮೆ ಮಾಡುವುದಿಲ್ಲ, ಹೊತ್ತನ್ನು ಕಡಿಮೆ ಮಾಡುತ್ತದೆ. ಆ 40 ಮಿಲಿಸೆಕೆಂಡಿನಲ್ಲೇ ಜೀವ ಉಳಿಯುವುದು.

ಇನ್ನು ಅರ್ಥ್. ಅರ್ಥ್ ಇದೆಯಲ್ಲ, ಫೇಸ್ ಬಾಡಿಗೆ ತಾಗಿದರೆ ಎಂಸಿಬಿ ಬೀಳುತ್ತದೆ ಬಿಡಿ ಎಂದು ಹಲವರು ಧೈರ್ಯವಾಗಿರುತ್ತಾರೆ. ಲೆಕ್ಕ ಹಾಕಿ ನೋಡೋಣ. ಕಟ್ಟಡಕ್ಕೆ ತನ್ನದೇ ಅರ್ಥ್ ಗುಂಡಿ ಇದ್ದು, ಕರೆಂಟು ಮಣ್ಣಿನ ಮೂಲಕವೇ ಟ್ರಾನ್ಸ್‌ಫಾರ್ಮರಿಗೆ ವಾಪಸ್ ಹೋಗಬೇಕು ಎಂದುಕೊಳ್ಳಿ. ಆ ದಾರಿಯ ಒಟ್ಟು ತಡೆ 20 ಓಮ್ ಇದ್ದರೆ ಹರಿಯುವುದು 11.5 ಆಂಪಿಯರ್. 16 ಆಂಪಿಯರ್ ಎಂಸಿಬಿ ದಿನಗಟ್ಟಲೆ ಬೀಳುವುದಿಲ್ಲ. ಅಷ್ಟೂ ಹೊತ್ತು ವಾಷಿಂಗ್ ಮೆಷಿನ್ನಿನ ಬಾಡಿಯಲ್ಲಿ ಅಪಾಯದ ವೋಲ್ಟೇಜ್ ನಿಂತಿರುತ್ತದೆ. ಅಲ್ಲಿ ಕಾಪಾಡುವುದು ಆರ್‌ಸಿಸಿಬಿ ಒಂದೇ. ಇದನ್ನು ಒಮ್ಮೆ ಅರ್ಥ ಮಾಡಿಕೊಂಡವರು ಡೈರೆಕ್ಟ್ ಮಾಡುವ ಮಾತೇ ಆಡುವುದಿಲ್ಲ.

ಕೈ ಹಾಕುವ ಮುಂಚೆ

ಸುಟ್ಟ ವಾಸನೆ ಬರುತ್ತಿದ್ದರೆ, ಬೋರ್ಡಿನ ಒಳಗೆ ಚಿರ್ ಎಂಬ ಸದ್ದು ಇದ್ದರೆ, ಗೋಡೆಯೊಳಗೆ ನೀರು ಇಳಿದಿದ್ದರೆ, ನಲ್ಲಿ ಮುಟ್ಟಿದರೆ ಜುಮ್ಮೆಂದರೆ ಹುಡುಕಾಟ ಬೇಡ. ಮೇನ್ ಆಫ್ ಮಾಡಿ, ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಬರುವವರೆಗೆ ಹಾಗೇ ಬಿಡಿ. ಮೇನ್ ಸ್ವಿಚ್ಚೇ ಒದ್ದೆಯಾಗಿದ್ದರೆ ಅದನ್ನೂ ಮುಟ್ಟಬೇಡಿ, ಸರಬರಾಜು ಮಾಡುವವರಿಗೆ ತಿಳಿಸಿ.

ಮನೆಯವರು ಮಾಡಬಹುದಾದದ್ದು ಸ್ವಿಚ್ಚು ಎತ್ತುವುದು, ಇಳಿಸುವುದು, ಪ್ಲಗ್ ಕೀಳುವುದು, ಗಮನಿಸಿ ಬರೆದುಕೊಳ್ಳುವುದು. ಡಿಬಿ ಮುಚ್ಚಳ ತೆಗೆಯುವ, ವೈರ್ ಬಿಚ್ಚುವ ಕೆಲಸ ತರಬೇತಿ ಇದ್ದವರದ್ದು. ಆದರೆ ಮನೆಯವರ ಪಾಲಿನ ಕೆಲಸವನ್ನು ಸರಿಯಾಗಿ ಮಾಡಿದರೆ ಅರ್ಧಕ್ಕಿಂತ ಜಾಸ್ತಿ ದೋಷಗಳು ಅಲ್ಲೇ ಗೊತ್ತಾಗುತ್ತವೆ ಎಂಬುದು ನನ್ನ ಅನುಭವ.

ಸ್ಕ್ರೂಡ್ರೈವರ್ ತರಹದ ನಿಯಾನ್ ಟೆಸ್ಟರನ್ನು ಪೂರ್ತಿ ನಂಬಬೇಡಿ. ಅದರ ಬೆಳಕು ನಿಮ್ಮ ಮೈ ಮೂಲಕ ಹರಿಯುವ ತೀರಾ ಸಣ್ಣ ಕರೆಂಟಿನಿಂದ ಬರುವುದು. ಒಣ ಮರದ ಮೇಲೆ ನಿಂತರೆ, ಬಿಸಿಲಲ್ಲಿ ನೋಡಿದರೆ, ಉರಿದರೂ ಕಾಣದೇ ಹೋಗಬಹುದು. ಟೆಸ್ಟರ್ ಉರಿಯಲಿಲ್ಲ ಎಂದರೆ ಕರೆಂಟಿಲ್ಲ ಎಂದಲ್ಲ. ಎರಡು ತುದಿಯ ವೋಲ್ಟೇಜ್ ಟೆಸ್ಟರ್ ವಾಸಿ. ಅದನ್ನೂ ಮೊದಲು ಕರೆಂಟ್ ಇರುವ ಕಡೆ ಹಿಡಿದು ನೋಡಬೇಕು, ಆಮೇಲೆ ಕೆಲಸ ಮಾಡುವ ಜಾಗದಲ್ಲಿ, ಆಮೇಲೆ ಮತ್ತೆ ಕರೆಂಟ್ ಇರುವ ಕಡೆ. ಮಧ್ಯದಲ್ಲಿ ಟೆಸ್ಟರೇ ಕೆಟ್ಟಿದ್ದರೆ ಆಗ ತಿಳಿಯುತ್ತದೆ.

ಫೇಸಿಗೂ ಅರ್ಥಿಗೂ ಬಲ್ಬ್ ಹಚ್ಚಿ ಅರ್ಥ್ ಪರೀಕ್ಷೆ ಮಾಡುವ ಹಳೆಯ ಪದ್ಧತಿ ಬೇಡವೇ ಬೇಡ. ಆರ್‌ಸಿಸಿಬಿ ಇದ್ದರೆ ಬೀಳುತ್ತದೆ, ಅದು ಸರಿ. ಆರ್‌ಸಿಸಿಬಿ ಇಲ್ಲದೆ ಅರ್ಥ್ ವೈರೂ ಎಲ್ಲೋ ತುಂಡಾಗಿದ್ದರೆ, ಆ ಬಲ್ಬಿನ ಮೂಲಕ ಅದೇ ಅರ್ಥ್ ವೈರಿಗೆ ಸೇರಿದ ಎಲ್ಲ ಉಪಕರಣಗಳ ಬಾಡಿಗೂ ಕರೆಂಟು ಬರುತ್ತದೆ.

ಯಾವಾಗ ಬೀಳುತ್ತದೆ?

ಏನನ್ನೂ ಬಿಚ್ಚುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು. ಬಿದ್ದ ಹೊತ್ತು, ಆಗ ಏನೇನು ಓಡುತ್ತಿತ್ತು, ಮಳೆ ಬಂದಿತ್ತೇ, ನೆಲ ತೊಳೆದಿದ್ದಿರೇ, ಎಲ್ಲಾ ಒಂದು ಚೀಟಿಯಲ್ಲಿ ಬರೆಯಿರಿ.

ಮಳೆಯ ನಂತರ ಬೀಳುತ್ತದೆ, ಬಿಸಿಲು ಬಂದರೆ ನಿಲ್ಲುತ್ತದೆ ಎಂದರೆ ಹೊರಗಿನ ದೀಪ, ಗೇಟಿನ ಬೆಲ್ಲು, ತಾರಸಿಯ ಮೇಲಿನ ಪಂಪು, ನೀರು ನುಗ್ಗಿದ ಪೈಪು ಇವುಗಳಲ್ಲಿ ಒಂದು. ಹೊರಗಿನ ಜಂಕ್ಷನ್ ಬಾಕ್ಸಿನ ಮುಚ್ಚಳ ತೆಗೆದರೆ ಸಾಮಾನ್ಯವಾಗಿ ಕಾಣುವುದು ಹೀಗೆ: ತಳದಲ್ಲಿ ಸ್ವಲ್ಪ ನೀರು, ಕನೆಕ್ಟರಿನ ಹಿತ್ತಾಳೆಯ ಮೇಲೆ ಹಸಿರು ಕಿಲುಬು, ಎರಡು ಸ್ಕ್ರೂಗಳ ನಡುವೆ ಪ್ಲಾಸ್ಟಿಕ್ಕಿನ ಮೇಲೆ ಕಪ್ಪಾದ ಒಂದು ಗೆರೆ. ಆ ಗೆರೆಯೇ ದಾರಿ. ನೀರು ಆರಿದರೂ ಅದು ಅಲ್ಲೇ ಇರುತ್ತದೆ, ಮುಂದಿನ ತೇವಕ್ಕೆ ಕಾಯುತ್ತಿರುತ್ತದೆ. ಬಾಕ್ಸ್ ಒರೆಸಿ ಮುಚ್ಚಿದರೆ ಆಗಲಿಲ್ಲ, ಕನೆಕ್ಟರ್ ಬದಲಿಸಬೇಕು. ನೀರು ಹೇಗೆ ಬಂತು ಎಂದೂ ನೋಡಬೇಕು.

ಗೀಸರ್ ಹಾಕಿ ಕೆಲವು ನಿಮಿಷಕ್ಕೆ ಬಿದ್ದರೆ ಹೀಟಿಂಗ್ ಕಾಯಿಲ್ ಕಡೆ ಅನುಮಾನ. ಯಾರೂ ಏನೂ ಮುಟ್ಟದಿದ್ದರೂ ಕೆಲವು ಗಂಟೆಗೊಮ್ಮೆ ಬಿದ್ದರೆ ತಾನಾಗಿ ಶುರುವಾಗುವ ವಸ್ತು ಯಾವುದಿದೆ ಯೋಚಿಸಿ. ಫ್ರಿಜ್ಜಿನ ಮಂಜು ಕರಗಿಸುವ ಹೀಟರ್ ಹಾಗೆ ತಾನೇ ಶುರುವಾಗುತ್ತದೆ. ಫ್ರಿಜ್ಜು ತಂಪಾಗಿಯೇ ಇರುವುದರಿಂದ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಟ್ಯಾಂಕ್ ತುಂಬಿಸುವ ಆಟೋಮ್ಯಾಟಿಕ್ ಪಂಪು, ಟೈಮರ್ ಇರುವ ದೀಪ ಇವೂ ಹಾಗೆಯೇ. ಸಿಡಿಲು ಬಡಿದಾಗ ಒಮ್ಮೆ ಬಿದ್ದು ಮತ್ತೆ ಸರಿಯಾಗಿ ನಿಂತರೆ ಚಿಂತೆ ಬೇಡ.

ಭಾಗ ಮಾಡುವುದು

ಈಗ ಹುಡುಕಾಟ. ಮನೆಯ ಎಲ್ಲ ಪ್ಲಗ್‌ಗಳನ್ನೂ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ಯಾಕೆಂದರೆ ಸಾಕೆಟ್ಟಿನ ಪಕ್ಕದ ಸ್ವಿಚ್ಚು ಸಾಮಾನ್ಯವಾಗಿ ಫೇಸನ್ನು ಮಾತ್ರ ಕತ್ತರಿಸುತ್ತದೆ. ನ್ಯೂಟ್ರಲ್ ಮತ್ತು ಅರ್ಥ್ ಉಪಕರಣಕ್ಕೆ ಸೇರಿಕೊಂಡೇ ಇರುತ್ತವೆ. ಆ ಉಪಕರಣದೊಳಗೆ ನ್ಯೂಟ್ರಲ್ ಬಾಡಿಗೆ ತಾಗಿದ್ದರೆ ಆಫ್ ಆಗಿದ್ದೂ ಅದು ಆರ್‌ಸಿಸಿಬಿ ಬೀಳಿಸಬಲ್ಲದು.

ಎಲ್ಲ ಎಂಸಿಬಿ ಇಳಿಸಿ. ಆರ್‌ಸಿಸಿಬಿಯನ್ನು ಪೂರ್ತಿ ಕೆಳಗೆ ಒತ್ತಿ ಆಮೇಲೆ ಎತ್ತಿ. ಕೆಲವು ಸಾಧನಗಳ ಹಿಡಿ ಬಿದ್ದಾಗ ಅರ್ಧದಲ್ಲಿ ನಿಲ್ಲುತ್ತದೆ, ಪೂರ್ತಿ ಇಳಿಸದೆ ಮೇಲೆ ಹೋಗುವುದಿಲ್ಲ. ನಿಂತರೆ ಒಂದೊಂದೇ ಎಂಸಿಬಿ ಎತ್ತುತ್ತಾ ಬನ್ನಿ. ಪ್ರತಿ ಸಲ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಅವಸರ ಮಾಡಬೇಡಿ.

ಒಂದು ನಿರ್ದಿಷ್ಟ ಎಂಸಿಬಿ ಎತ್ತಿದಾಗಲೇ ಬಿದ್ದರೆ ಒಳ್ಳೆಯ ಸುದ್ದಿ. ಆ ಸರ್ಕ್ಯೂಟಿನ ಫೇಸ್ ಅರ್ಥಿಗೆ ಸೋರುತ್ತಿದೆ. ಪ್ಲಗ್‌ಗಳೆಲ್ಲ ಹೊರಗಿವೆ ಎಂದ ಮೇಲೆ ದೋಷ ಇರುವುದು ವೈರಿಂಗ್‌ನಲ್ಲಿ ಅಥವಾ ಪ್ಲಗ್ ಇಲ್ಲದೆ ಜೋಡಿಸಿದ ವಸ್ತುಗಳಲ್ಲಿ: ಗೀಸರ್, ಎಕ್ಸಾಸ್ಟ್ ಫ್ಯಾನ್, ಹೊರಗಿನ ದೀಪ, ಪಂಪು. ಆ ಎಂಸಿಬಿಯನ್ನು ಇಳಿಸಿಯೇ ಇಡಿ, ಉಳಿದ ಮನೆ ನಡೆಯಲಿ.

ಎಲ್ಲಾ ಎತ್ತಿದರೂ ನಿಂತರೆ ದೋಷ ಪ್ಲಗ್ ಹಾಕುವ ವಸ್ತುವಿನಲ್ಲಿದೆ. ಒಂದೊಂದೇ ಚುಚ್ಚಿ, ಆನ್ ಮಾಡಿ, ಬಿಸಿಯಾಗುವವರೆಗೆ ಬಿಡಿ. ಬೀಳಿಸಿದ್ದು ಸಿಕ್ಕಿದ ಮೇಲೆ ಅದನ್ನು ಬೇರೆ ಸರ್ಕ್ಯೂಟಿನ ಸಾಕೆಟ್ಟಿಗೂ ಹಾಕಿ ನೋಡಿ. ಅಲ್ಲೂ ಬೀಳಿಸಿದರೆ ಅನುಮಾನ ಗಟ್ಟಿಯಾಗುತ್ತದೆ. ಈ ಎರಡನೇ ಪರೀಕ್ಷೆ ಯಾಕೆ ಮುಖ್ಯ ಎಂದು ಮುಂದೆ ನ್ಯೂಟ್ರಲ್ ವಿಷಯಕ್ಕೆ ಬಂದಾಗ ತಿಳಿಯುತ್ತದೆ.

ಹೀಟಿಂಗ್ ಕಾಯಿಲ್ ಇರುವ ವಸ್ತುಗಳ ಬಗ್ಗೆ ಒಂದು ಮಾತು. ಕಾಯಿಲಿನ ಕೊಳವೆಯೊಳಗೆ ತುಂಬಿರುವ ಮೆಗ್ನೀಸಿಯಂ ಆಕ್ಸೈಡ್ ಪುಡಿ ತೇವ ಹೀರುತ್ತದೆ. ತಿಂಗಳುಗಟ್ಟಲೆ ಬಳಸದೆ ಇಟ್ಟ ಒವನ್ ಮೊದಲ ಸಲ ಹಾಕಿದಾಗ ಬೀಳಿಸುವುದು ಇದರಿಂದಲೇ. ಕೊಳವೆಯಲ್ಲಿ ಕೂದಲೆಳೆಯ ಬಿರುಕಿದ್ದರೆ ತಣ್ಣಗಿರುವಾಗ ಸರಿಯಿದ್ದು, ಬಿಸಿಯಾಗಿ ಹಿಗ್ಗಿದಾಗ ಸೋರುತ್ತದೆ. ಮಲ್ಟಿಮೀಟರಿನಲ್ಲಿ ಓಮ್ ನೋಡಿದರೆ ಇದು ಗೊತ್ತಾಗದೇ ಹೋಗಬಹುದು, ಅದರ ಬ್ಯಾಟರಿಯ ವೋಲ್ಟೇಜ್ ತೀರಾ ಕಡಿಮೆ. 500 ವೋಲ್ಟ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೆಗ್ಗರ್ ಬೇಕು.

ಎಲ್ಲಾ ಇಳಿಸಿದರೂ ಬೀಳುತ್ತದೆ

ಎಂಸಿಬಿ ಎಲ್ಲ ಕೆಳಗಿವೆ, ಆದರೂ ಆರ್‌ಸಿಸಿಬಿ ನಿಲ್ಲುತ್ತಿಲ್ಲ. "ನೋಡಿ, ಏನೂ ಇಲ್ಲದೆಯೂ ಬೀಳುತ್ತಿದೆ, ಇದೇ ಕೆಟ್ಟಿದೆ" ಎಂದು ಹೊಸದು ಹಾಕುವುದು ಇಲ್ಲೇ. ಹೊಸದೂ ಬೀಳುತ್ತದೆ.

ಎಂಸಿಬಿ ಇಳಿಸಿದಾಗ ಏನು ಕತ್ತರಿಸಿದಿರಿ ಎಂದು ಯೋಚಿಸಿ. ಒಂಟಿ ಪೋಲಿನ ಎಂಸಿಬಿ ಫೇಸನ್ನು ಮಾತ್ರ ಕತ್ತರಿಸುತ್ತದೆ. ಎಲ್ಲ ಸರ್ಕ್ಯೂಟಿನ ನ್ಯೂಟ್ರಲ್‌ಗಳೂ ನ್ಯೂಟ್ರಲ್ ಬಾರಿನಲ್ಲಿ ಒಂದಕ್ಕೊಂದು ಸೇರಿಕೊಂಡೇ ಇವೆ, ಅಲ್ವಾ? ಎಲ್ಲೋ ಒಂದು ಕಡೆ ನ್ಯೂಟ್ರಲ್ ಅರ್ಥಿಗೆ ತಾಗಿದ್ದರೆ ಆ ದೋಷ ಇನ್ನೂ ಆರ್‌ಸಿಸಿಬಿಯ ಬಾಲಕ್ಕೆ ಕಟ್ಟಿಕೊಂಡೇ ಇದೆ.

ನ್ಯೂಟ್ರಲ್‌ನಲ್ಲಿ ಕರೆಂಟೇ ಇಲ್ಲವಲ್ಲ, ಹೇಗೆ ಬೀಳುತ್ತದೆ ಎಂದು ಕೇಳಬಹುದು. ನ್ಯೂಟ್ರಲ್ ಯಾವತ್ತೂ ಸೊನ್ನೆ ವೋಲ್ಟಿನಲ್ಲಿ ಇರುವುದಿಲ್ಲ. ಅದೇ ಲೈನಿನ ಅಕ್ಕಪಕ್ಕದ ಕಟ್ಟಡಗಳ ಲೋಡು ಹರಿಯುವುದರಿಂದ ಭೂಮಿಗೆ ಹೋಲಿಸಿದರೆ ಒಂದೆರಡು ವೋಲ್ಟ್ ಮೇಲೆ ಕೂತಿರುತ್ತದೆ. 1 ವೋಲ್ಟ್ ಇದ್ದು ದಾರಿಯ ತಡೆ 20 ಓಮ್ ಇದ್ದರೂ 50 ಮಿಲಿ ಆಂಪಿಯರ್ ಹರಿಯುತ್ತದೆ. ಫೇಸ್ ಕಡೆ ಸೊನ್ನೆ, ನ್ಯೂಟ್ರಲ್ ಕಡೆ 50. ಲೆಕ್ಕ ತಪ್ಪಿತು, ಬಿತ್ತು.

ಇದಕ್ಕಿಂತ ದಾರಿ ತಪ್ಪಿಸುವ ರೂಪ ಇನ್ನೊಂದಿದೆ. ನ್ಯೂಟ್ರಲ್ ವೋಲ್ಟೇಜ್ ಕಡಿಮೆ ಇರುವ ಹೊತ್ತಿನಲ್ಲಿ ಆರ್‌ಸಿಸಿಬಿ ನಿಲ್ಲುತ್ತದೆ. ಆಮೇಲೆ ಯಾವುದೋ ದೊಡ್ಡ ಲೋಡ್ ಹಾಕುತ್ತೀರಿ. 8 ಆಂಪಿಯರ್ ವಾಪಸ್ ಬರುವಾಗ ಅದರಲ್ಲಿ ಸ್ವಲ್ಪ ಭಾಗ ನ್ಯೂಟ್ರಲ್ ಬಿಟ್ಟು ಅರ್ಥ್ ದಾರಿ ಹಿಡಿಯುತ್ತದೆ. ಬೀಳುತ್ತದೆ. ದೋಷ ಇರುವುದು ನಡುಮನೆಯ ಟ್ಯೂಬ್‌ಲೈಟ್ ಸರ್ಕ್ಯೂಟಿನಲ್ಲಿ, ಬೈಸಿಕೊಳ್ಳುವುದು ಗೀಸರ್. ಗೀಸರ್ ಕಾಯಿಲ್ ಬದಲಾಯಿಸಿದರೂ ಸರಿ ಹೋಗುವುದಿಲ್ಲ. ಹಾಗಾಗಿ ಒಂದು ಗುರುತು ನೆನಪಿಡಿ. ಯಾವುದೇ ದೊಡ್ಡ ಲೋಡ್ ಹಾಕಿದರೂ, ಅದು ಯಾವ ಸರ್ಕ್ಯೂಟಿನದ್ದಾದರೂ, ಬೀಳುತ್ತದೆ ಎಂದರೆ ಮೊದಲ ಅನುಮಾನ ನ್ಯೂಟ್ರಲ್ ಮತ್ತು ಅರ್ಥ್ ತಾಗಿರುವುದರ ಮೇಲೆ.

ಹುಡುಕುವುದು ಎಲೆಕ್ಟ್ರಿಷಿಯನ್ ಕೆಲಸ, ಆದರೆ ಕ್ರಮ ಸರಳ. ಮೇನ್ ಆಫ್, ಆರ್‌ಸಿಸಿಬಿ ಆಫ್. ಆರ್‌ಸಿಸಿಬಿ ಎರಡೂ ಪೋಲ್ ಕತ್ತರಿಸುವುದರಿಂದ ಒಳಗಿನ ನ್ಯೂಟ್ರಲ್ ಬಾರು ಹೊರಗಿನ ಸರಬರಾಜಿನಿಂದ ಬೇರೆಯಾಗುತ್ತದೆ. ಇನ್ವರ್ಟರ್ ಅಥವಾ ಸೋಲಾರ್ ಇದ್ದರೆ ಅದನ್ನೂ ಬೇರೆ ಮಾಡಬೇಕು. ಕರೆಂಟ್ ಇಲ್ಲ ಎಂದು ಪರೀಕ್ಷಿಸಿ ಖಾತ್ರಿ ಮಾಡಿಕೊಳ್ಳಬೇಕು. ಈಗ ನ್ಯೂಟ್ರಲ್ ಬಾರಿಗೂ ಅರ್ಥ್ ಬಾರಿಗೂ ನಡುವೆ ಅಳೆಯಿರಿ. ಪ್ಲಗ್‌ಗಳೆಲ್ಲ ಹೊರಗಿದ್ದರೆ ಮೆಗಾ ಓಮ್ ಇರಬೇಕು. ಕೆಲವೇ ಓಮ್ ಬಂದರೆ ಸಿಕ್ಕಿತು. ನ್ಯೂಟ್ರಲ್ ವೈರ್‌ಗಳನ್ನು ಒಂದೊಂದಾಗಿ ಬಾರಿನಿಂದ ಬಿಚ್ಚಿ, ಗುರುತು ಚೀಟಿ ಅಂಟಿಸುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ಮೀಟರಿನ ಓದು ಜಿಗಿಯುತ್ತದೋ ಆ ಸರ್ಕ್ಯೂಟು. ಆಮೇಲೆ ಆ ಸರ್ಕ್ಯೂಟಿನ ಮಧ್ಯದ ಜಂಕ್ಷನ್ ಬಾಕ್ಸಿನಲ್ಲಿ ಬಿಚ್ಚಿ ಮತ್ತೆ ಎರಡು ಭಾಗ ಮಾಡಿ. ಅರ್ಧ, ಅದರ ಅರ್ಧ, ಹೀಗೆ ಹೋದರೆ ಎಂಟು ಪಾಯಿಂಟ್ ಇರುವ ಸರ್ಕ್ಯೂಟಿನಲ್ಲಿ ಮೂರು ಅಳತೆಗೆ ಜಾಗ ಸಿಗುತ್ತದೆ.

ಸಿಗುವ ಜಾಗ ಎಂಥದ್ದು? ನಾನು ನೋಡಿದ ಒಂದರಲ್ಲಿ ಲೋಹದ ಸ್ವಿಚ್ ಬಾಕ್ಸಿನ ಪ್ಲೇಟಿಗೆ ಬೇಕಾದ್ದಕ್ಕಿಂತ ಉದ್ದದ ಸ್ಕ್ರೂ ಹಾಕಿದ್ದರು. ಅದರ ತುದಿ ಹಿಂದೆ ಮಡಚಿಟ್ಟಿದ್ದ ಕಪ್ಪು ವೈರಿನ ಪ್ಲಾಸ್ಟಿಕ್ ಸೀಳಿ ತಾಮ್ರಕ್ಕೆ ತಾಗಿತ್ತು. ಕಂಡದ್ದು ಒಂದು ಮಿಲಿಮೀಟರ್ ಅಗಲದ ಹೊಳಪು, ಅಷ್ಟೇ. ಸುಟ್ಟಿರಲಿಲ್ಲ, ಕಪ್ಪಾಗಿರಲಿಲ್ಲ. ನ್ಯೂಟ್ರಲ್ ದೋಷದಲ್ಲಿ ಕಿಡಿ ಹಾರುವುದಿಲ್ಲ, ವಾಸನೆ ಬರುವುದಿಲ್ಲ. ಅದಕ್ಕೇ ಅದು ಕಣ್ಣಿಗಿಂತ ಮೀಟರಿಗೆ ಬೇಗ ಸಿಗುವುದು.

ಅಡ್ಡ ಸೇರಿದ ನ್ಯೂಟ್ರಲ್

ಇದೂ ನ್ಯೂಟ್ರಲ್ ಕಥೆಯೇ. ಕಟ್ಟಡದಲ್ಲಿ ಎರಡು ಆರ್‌ಸಿಸಿಬಿ ಇವೆ, ಒಂದು ಕೆಳಗಿನ ಮಹಡಿಗೆ, ಒಂದು ಮೇಲಿನದಕ್ಕೆ. ಮೆಟ್ಟಿಲಿನ ದೀಪಕ್ಕೆ ಫೇಸ್ ಕೆಳಗಿನಿಂದ, ನ್ಯೂಟ್ರಲ್ ಹತ್ತಿರ ಸಿಕ್ಕಿತು ಎಂದು ಮೇಲಿನಿಂದ ಕೊಟ್ಟುಬಿಟ್ಟಿರುತ್ತಾರೆ. ಆ ದೀಪ ಹಾಕಿದಾಗ ಕೆಳಗಿನದರಲ್ಲಿ ಹೋದದ್ದು ವಾಪಸ್ ಬರುವುದಿಲ್ಲ, ಮೇಲಿನದರಲ್ಲಿ ಹೋಗದೇ ಇದ್ದದ್ದು ವಾಪಸ್ ಬರುತ್ತದೆ. ಒಂದೋ ಎರಡೂ ಬೀಳುತ್ತವೆ, ಒಂದೋ ಬೇಗ ಬೀಳುವ ಸ್ವಭಾವದ್ದು ಮೊದಲು ಬೀಳುತ್ತದೆ. ಅರ್ಥಿಗೆ ಒಂದು ಹನಿಯೂ ಸೋರಿಲ್ಲ, ಮೆಗ್ಗರಿನಲ್ಲಿ ಎಲ್ಲ ಚೆನ್ನಾಗಿದೆ, ಆದರೂ ಬೀಳುತ್ತದೆ.

ಹೊಸದಾಗಿ ಇನ್ವರ್ಟರ್ ಹಾಕಿಸಿದ ಮರುದಿನದಿಂದ ಬೀಳಲು ಶುರುವಾಯಿತು ಎಂದರೆ ಬಹುತೇಕ ಇದೇ. ಇನ್ವರ್ಟರಿನ ಫೇಸ್ ಬೇರೆ ಎಳೆದು, ನ್ಯೂಟ್ರಲ್ ಮಾತ್ರ ಹಳೆಯದಕ್ಕೇ ಸೇರಿಸಿರುತ್ತಾರೆ. ಪರಿಹಾರ ಒಂದೇ: ಪ್ರತಿ ಆರ್‌ಸಿಸಿಬಿಗೂ ಅದರದ್ದೇ ನ್ಯೂಟ್ರಲ್ ಬಾರು, ಅದರಡಿಯ ಫೇಸ್‌ಗಳ ನ್ಯೂಟ್ರಲ್‌ಗಳು ಮಾತ್ರ ಅದರಲ್ಲಿ.

ಯಾವ ವಸ್ತುವೂ ಕೆಟ್ಟಿಲ್ಲ, ಆದರೂ

ಕಂಪ್ಯೂಟರ್, ಟಿವಿ, ವಾಷಿಂಗ್ ಮೆಷಿನ್, ಎಲ್‌ಇಡಿ ಡ್ರೈವರ್ ಇವುಗಳ ಫಿಲ್ಟರಿನಲ್ಲಿ ಅರ್ಥಿಗೆ ಸೇರಿದ ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಅವು ಕೆಟ್ಟಿಲ್ಲದಿದ್ದರೂ ಸ್ವಲ್ಪ ಸೋರಿಸುತ್ತವೆ. ಹೀಟಿಂಗ್ ಉಪಕರಣವೂ ಸ್ವಲ್ಪ ಸೋರಿಸುತ್ತದೆ. ಹತ್ತಾರು ವಸ್ತು ಒಂದೇ ಆರ್‌ಸಿಸಿಬಿಯಡಿ ಸೇರಿದರೆ ಒಟ್ಟು 15 ಮಿಲಿ ಹತ್ತಿರ ಬಂದುಬಿಡುತ್ತದೆ. ಆಗ ಯಾವುದು ಕೊನೆಗೆ ಹಾಕಿದ್ದೋ ಅದು ಬೀಳಿಸಿದಂತೆ ಕಾಣುತ್ತದೆ. ಒಂದೊಂದೇ ಹಾಕಿದರೆ ಯಾವುದೂ ಬೀಳಿಸುವುದಿಲ್ಲ. ಗುರುತು ಇದೇ.

ಲೀಕೇಜ್ ಕ್ಲ್ಯಾಂಪ್ ಮೀಟರ್ ಇದ್ದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಅದರ ಬಾಯೊಳಗೆ ಹಾಕಿದರೆ ಸೋರಿಕೆ ನೇರವಾಗಿ ಓದಬಹುದು. ಸಾಮಾನ್ಯ ಕ್ಲ್ಯಾಂಪ್ ಮೀಟರಿಗೆ ಮಿಲಿ ಆಂಪಿಯರ್ ಕಾಣುವುದಿಲ್ಲ. ದಿನನಿತ್ಯದ ಸೋರಿಕೆ ಆರ್‌ಸಿಸಿಬಿ ಅಳತೆಯ ಶೇ. 30ಕ್ಕಿಂತ ಕಡಿಮೆ, ಅಂದರೆ 9 ಮಿಲಿಯೊಳಗೆ ಇರಲಿ. ಜಾಸ್ತಿ ಇದ್ದರೆ ಸರ್ಕ್ಯೂಟುಗಳನ್ನು ಎರಡು ಮೂರು ಆರ್‌ಸಿಸಿಬಿಗಳಿಗೆ ಹಂಚಬೇಕು. 30 ಮಿಲಿ ತೆಗೆದು 100 ಮಿಲಿ ಹಾಕುವುದು ಪರಿಹಾರವಲ್ಲ. 100 ಮಿಲಿಯದು ಬೆಂಕಿ ತಡೆಯಲು, ಮನುಷ್ಯರನ್ನು ಕಾಯಲು ಅಲ್ಲ.

ವೈರಿಂಗ್‌ನ ಅಳತೆ

ಅನುಮಾನ ವೈರಿಂಗ್ ಮೇಲೆ ಬಂದರೆ ಮೆಗ್ಗರ್ ಹಿಡಿಯಬೇಕು. ಕರೆಂಟ್ ಪೂರ್ತಿ ತೆಗೆದು, ಎಲೆಕ್ಟ್ರಾನಿಕ್ ವಸ್ತುಗಳನ್ನೆಲ್ಲ ಬಿಡಿಸಿ, 500 ವೋಲ್ಟಿನಲ್ಲಿ ಫೇಸಿಗೂ ಅರ್ಥಿಗೂ, ನ್ಯೂಟ್ರಲ್ಲಿಗೂ ಅರ್ಥಿಗೂ ಅಳೆಯಬೇಕು. ಬಿಡಿಸದೆ ಅಳೆದರೆ ಡ್ರೈವರ್‌ಗಳು ಹಾಳಾಗಬಹುದು. ಕನಿಷ್ಠ 1 ಮೆಗಾ ಓಮ್ ಇರಬೇಕು ಎಂಬುದು ಮಾನದಂಡ. ಚೆನ್ನಾಗಿರುವ ವೈರಿಂಗ್ ಅದಕ್ಕಿಂತ ಎಷ್ಟೋ ಮೇಲೆ ತೋರಿಸುತ್ತದೆ. 1 ಮೆಗಾ ಓಮ್ ಎಂದರೆ 230 ವೋಲ್ಟಿಗೆ 0.23 ಮಿಲಿ ಸೋರಿಕೆ ಮಾತ್ರ. 15 ಮಿಲಿ ಸೋರಲು ತಡೆ ಸುಮಾರು 15 ಸಾವಿರ ಓಮ್‌ಗೆ ಇಳಿದಿರಬೇಕು. ಹಾಗಾಗಿ ಆರ್‌ಸಿಸಿಬಿ ಬೀಳುವ ಹೊತ್ತಿಗೆ ಇನ್ಸುಲೇಷನ್ ಅದಾಗಲೇ ತುಂಬಾ ಕೆಟ್ಟಿರುತ್ತದೆ. ಬೋರ್ಡಿನ ಎಲ್ಲ ಸರ್ಕ್ಯೂಟುಗಳ ಓದನ್ನೂ ಬರೆದಿಟ್ಟುಕೊಳ್ಳಿ. ಉಳಿದವು 200 ತೋರಿಸುವಾಗ ಒಂದು 2 ಮೆಗಾ ಓಮ್ ತೋರಿಸಿದರೆ, ಅದು ಪಾಸಾದರೂ ಮುಂದೆ ತೊಂದರೆ ಕೊಡುವ ಸರ್ಕ್ಯೂಟು ಅದೇ.

ಆರ್‌ಸಿಸಿಬಿಯೇ ಕೆಟ್ಟಿರಬಹುದೇ?

ಇರಬಹುದು, ಆದರೆ ಈ ಪ್ರಶ್ನೆ ಕೊನೆಗೆ ಬರಲಿ. ಹೊರಹೋಗುವ ಎರಡೂ ವೈರ್‌ಗಳನ್ನು, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ, ಎಲೆಕ್ಟ್ರಿಷಿಯನ್ ಬಿಡಿಸಿದ ಮೇಲೂ ನಿಲ್ಲದಿದ್ದರೆ ಅದು ಕೆಟ್ಟಿದೆ. ಆಗ ಬದಲಾಯಿಸಿ. ಎಷ್ಟು ಮಿಲಿಗೆ, ಎಷ್ಟು ಹೊತ್ತಿನಲ್ಲಿ ಬೀಳುತ್ತದೆ ಎಂದು ಅಳೆಯುವ ಆರ್‌ಸಿಡಿ (ಆರ್‌ಸಿಸಿಬಿಯಂಥ ಸಾಧನಗಳ ಒಟ್ಟು ಹೆಸರು) ಟೆಸ್ಟರ್ ಇದ್ದರೆ ಇನ್ನೂ ಒಳ್ಳೆಯದು. 12 ಮಿಲಿಗೇ ಬಿದ್ದರೆ ಅತಿ ಸೂಕ್ಷ್ಮ, 30 ದಾಟಿದರೂ ಬೀಳದಿದ್ದರೆ ಅಪಾಯ.

ಬದಲಾಯಿಸುವಾಗ ಬಗೆ ನೋಡಿ. ಹಳೆಯ 'ಎಸಿ' ಬಗೆ ಶುದ್ಧ ಎಸಿ ಸೋರಿಕೆಯನ್ನು ಮಾತ್ರ ಗುರುತಿಸುತ್ತದೆ. ಈಗಿನ ಎಲೆಕ್ಟ್ರಾನಿಕ್ ವಸ್ತುಗಳ ಸೋರಿಕೆಯಲ್ಲಿ ಡಿಸಿ ತುಣುಕುಗಳೂ ಬೆರೆತಿರುತ್ತವೆ. ಅದಕ್ಕೆ 'ಎ' ಬಗೆ ಬೇಕು.

ಸುಮ್ಮನಿರುವ ಆರ್‌ಸಿಸಿಬಿ

ಬೀಳುವ ಆರ್‌ಸಿಸಿಬಿಗಿಂತ ನನಗೆ ಭಯ ಹುಟ್ಟಿಸುವುದು ಬೀಳಬೇಕಾದಾಗ ಬೀಳದ್ದು. ಫ್ರಿಜ್ಜು ಮುಟ್ಟಿದರೆ ಜುಮ್ಮೆನ್ನುತ್ತದೆ, ಆದರೆ ಏನೂ ಬೀಳುತ್ತಿಲ್ಲ ಎಂದರೆ ಆ ಸಾಕೆಟ್ಟಿಗೆ ಅರ್ಥ್ ಇಲ್ಲದಿರುವ ಸಾಧ್ಯತೆ ಇದೆ. ಸೋರಲು ದಾರಿ ಇಲ್ಲದ್ದರಿಂದ ಲೆಕ್ಕ ಸರಿಯಾಗಿಯೇ ಇದೆ. ದಾರಿ ಕೊಡುವವರು ಮುಟ್ಟಿದವರು. ಸಾಕೆಟ್ಟಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ 230ರ ಬದಲು ನೂರರ ಆಸುಪಾಸು ತೇಲುವ ಓದು ಬಂದರೆ ಅರ್ಥ್ ವೈರ್ ಎಲ್ಲೋ ಬಿಟ್ಟಿದೆ.

ಒಂದು ಕೈ ಫೇಸಿಗೆ, ಇನ್ನೊಂದು ನ್ಯೂಟ್ರಲ್ಲಿಗೆ ತಾಗಿ, ಮೈ ನೆಲದಿಂದ ಬೇರೆಯಾಗಿದ್ದರೆ ಆಗಲೂ ಅದು ಬೀಳುವುದಿಲ್ಲ. ಅದರ ಲೆಕ್ಕದಲ್ಲಿ ನೀವು ಒಂದು ಲೋಡು. ಸಡಿಲ ಜೋಡಣೆಯೂ ಅದಕ್ಕೆ ಕಾಣುವುದಿಲ್ಲ. ಟರ್ಮಿನಲ್ಲಿನಲ್ಲಿ ಅರ್ಧ ಓಮ್ ತಡೆ ಇದ್ದು 10 ಆಂಪಿಯರ್ ಹರಿದರೆ ಅಲ್ಲೇ 50 ವ್ಯಾಟ್ ಬಿಸಿ. ಎಂಸಿಬಿಗೂ ಗೊತ್ತಾಗುವುದಿಲ್ಲ. ಬಣ್ಣ ಬದಲಾದ ಸಾಕೆಟ್, ಬಿಸಿಯಾಗುವ ಪ್ಲಗ್ಗು ಕಂಡರೆ ಆ ದಿನವೇ ಬದಲಾಯಿಸಿ.

ದೋಷ ಸರಿಪಡಿಸಿದ ಮೇಲೆ ಅದೇ ಸರ್ಕ್ಯೂಟನ್ನು ಮತ್ತೆ ಮೆಗ್ಗರ್ ಮಾಡಿಸಿ, ಓದನ್ನು ಡಿಬಿ ಬಾಗಿಲ ಒಳಬದಿಯಲ್ಲಿ ತಾರೀಕು ಹಾಕಿ ಬರೆಸಿ. ಯಾವ ಎಂಸಿಬಿ ಯಾವ ಕೋಣೆಯದ್ದು ಎಂದೂ ಬರೆಯಿರಿ. ಮೂರು ತಿಂಗಳಿಗೊಮ್ಮೆ 'ಟಿ' ಬಟನ್ ಒತ್ತಿ. ಒತ್ತಿದ ಕೂಡಲೇ ಬೀಳಬೇಕು. ಬೀಳದಿದ್ದರೆ ಅಂದೇ ಬದಲಾಯಿಸಬೇಕು. ಆ ಬಟನ್ ಪರೀಕ್ಷಿಸುವುದು ಆರ್‌ಸಿಸಿಬಿಯ ಒಳಗಿನ ಯಂತ್ರವನ್ನು ಮಾತ್ರ. ನಿಮ್ಮ ಅರ್ಥ್ ವೈರ್ ಸರಿಯಿದೆಯೇ ಎಂದು ಅದು ಹೇಳುವುದಿಲ್ಲ, ಅದನ್ನು ಬೇರೆಯಾಗಿ ಅಳೆಸಬೇಕು.